ಪೆಪ್ಯಾಕ್ಟನ್‌ನಲ್ಲಿ ಕಯಾಕ್‌ಗೂ ಹಬೆ ಸ್ನಾನ

ನ್ಯೂಯಾರ್ಕ್ ನಗರದ ನಲ್ಲಿಗಳಿಗೆ ಬಹುಪಾಲು ನೀರು ಬರುವುದು ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಯ ಜಲಾಶಯಗಳಿಂದ. ಅದೂ ಫಿಲ್ಟರ್ ಮಾಡದೆ! ಹಾಗಾಗಿ ಅವುಗಳಲ್ಲೊಂದಾದ ಪೆಪ್ಯಾಕ್ಟನ್‌ನಲ್ಲಿ ದೋಣಿ ಇಳಿಸುವುದು ಸುಮ್ನೆ ಮಾತಲ್ಲ.

ಮೊದಲು ಪರ್ಮಿಟ್. ಉಚಿತ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಗಾಳ ಹಾಕಬೇಕೆಂದರೆ ರಾಜ್ಯದ ಲೈಸೆನ್ಸ್ ಬೇರೆ. ಆಮೇಲೆ ದೋಣಿಗೆ ಬಿಸಿ ಹಬೆಯ ಸ್ನಾನ. ನನ್ನ ಕಯಾಕ್‌ನ (ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಸೀಟು ಎತ್ತಿ, ಅದರಡಿಯ ಸಂದಿಗೂ ಹಬೆ ಬಿಟ್ಟು, ಟ್ಯಾಗ್ ಕಟ್ಟಿದರು. ಇಷ್ಟೆಲ್ಲ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿಯ ಭಯಕ್ಕೆ. ಅದು ದೋಣಿಗೆ ಅಂಟಿಕೊಂಡು ಬಂದು ಬೀಡುಬಿಟ್ಟರೆ ಪೈಪುಗಳೇ ಕಟ್ಟಿಕೊಳ್ಳುತ್ತವೆ. ನನಗಂತೂ ಇದು ಅತಿ ಅನ್ನಿಸಲಿಲ್ಲ. ಕುಡಿಯುವ ನೀರು ಅಲ್ವಾ?

ಮೀನು ಹಿಡಿಯುವವರ ಹುಟ್ಟುದೋಣಿಗಳದ್ದು ಇನ್ನೂ ಮಜಾ. ಅವನ್ನು ಮನೆಗೆ ಒಯ್ಯುವುದೇ ಇಲ್ಲ. ದಡದ ಮರಗಳಿಗೆ ಸರಪಳಿ ಬಿಗಿದು, ಸಾಲಾಗಿ ಕವುಚಿ ಹಾಕಿರುತ್ತಾರೆ. ಬಣ್ಣ ಮಾಸಿದ, ನೆಗ್ಗಿದ ಲೋಹದ ದೋಣಿಗಳು, ಒಂದೊಂದರ ಮೇಲೂ ನಂಬರ್. ಬ್ರೌನ್ ಟ್ರೌಟ್ ಮೀನಿನ ಆಸೆಗೆ ಬರುವವರು ಜಾಸ್ತಿ.

ಪೆಟ್ರೋಲ್ ಮೋಟಾರ್ ಸುಳಿಯುವ ಹಾಗಿಲ್ಲ. ಈಜುವಂತೆಯೂ ಇಲ್ಲ, ಎಷ್ಟೇ ಸೆಕೆಯಿದ್ದರೂ. ಕಯಾಕ್‌ಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ಅವಕಾಶ. ಬರುವವರು ಲೈಫ್ ಜಾಕೆಟ್ ತನ್ನಿ, ಮೇ ತಿಂಗಳಲ್ಲಿ ನೀರು ಕೊರೆಯುತ್ತಿರುತ್ತದೆ.