ಕಥೆ ಓದಿದರೆ ಕಾಯಿಲೆ ವಾಸಿಯಾಗುತ್ತಾ?

ಇಲ್ಲ. ಔಷಧಿಯ ಕೆಲಸ ಔಷಧಿಯೇ ಮಾಡಬೇಕು, ವೈದ್ಯರ ಕೆಲಸ ವೈದ್ಯರೇ ಮಾಡಬೇಕು. ನಾನು ವಾರಕ್ಕೊಮ್ಮೆ ಆಸ್ಪತ್ರೆಯ ಮಾನಸಿಕ ಚಿಕಿತ್ಸೆಯ ವಾರ್ಡಿಗೆ ಹೋಗಿ, ಏಳೆಂಟು ಜನರ ಜೊತೆ ಕೂತು, ಒಂದು ಗಂಟೆ ಕಥೆ ಓದುತ್ತೇನೆ. ಇಷ್ಟು ಹೇಳಿದ ತಕ್ಷಣ ಎರಡನೇ ಪ್ರಶ್ನೆ ಬರುತ್ತದೆ: "ಅಂಥವರಿಗೆ ಕಥೆ ಅರ್ಥ ಆಗುತ್ತಾ?" ಈ 'ಅಂಥವರು' ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಒಬ್ಬರು ಐದು ವಾರ ನಮಗೆ ಬೆನ್ನು ಹಾಕಿ, ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಒಂದು ಮಾತಿಲ್ಲ. ಅವರು ಕೇಳಿಸಿಕೊಳ್ಳುತ್ತಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆರನೇ ವಾರ ಓದುವಾಗ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿದವು. ನನಗೆ ಗೊತ್ತೇ ಆಗಲಿಲ್ಲ, ಓದುತ್ತಾ ಹೋದೆ. ಕಿಟಕಿ ಕಡೆಯಿಂದ ದನಿ ಬಂತು: "ಬಸ್ಸು ಇನ್ನೂ ಬಂದೇ ಇಲ್ಲ. ಅವಳು ಊರು ಹೇಗೆ ಸೇರಿದಳು?"

ಅರ್ಥ ಆಗುತ್ತಾ ಅಂತ ಕೇಳುವವರಿಗೆಲ್ಲ ಈ ಮಾತು ಕೇಳಿಸಬೇಕಿತ್ತು.

ಕೇಳುವುದಾದರೆ, "ಯಾಕೆ ಗಟ್ಟಿಯಾಗಿ ಓದುತ್ತೀರಿ, ಪುಸ್ತಕ ಕೊಟ್ಟು ಬಂದರೆ ಸಾಲದಾ?" ಅಂತ ಕೇಳಿ. ಸಾಲದು. ಕೆಲವು ಔಷಧಿಗಳಿಂದ ಕಣ್ಣು ಮಂಜಾಗುತ್ತದೆ, ತೂಕಡಿಕೆ ಬರುತ್ತದೆ. ಖಿನ್ನತೆ ಜಾಸ್ತಿ ಇದ್ದಾಗ ಒಂದೇ ಸಾಲು ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಮೊದಲು ಚೆನ್ನಾಗಿ ಓದುತ್ತಿದ್ದವರಿಗೆ ಇದು ಇನ್ನೂ ಸಂಕಟ. ಗಟ್ಟಿಯಾಗಿ ಓದಿದರೆ ಸುಮ್ನೆ ಕೇಳಿಸಿಕೊಂಡರೂ ನಡೆಯುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನ 'ದಿ ರೀಡರ್' ಸಂಸ್ಥೆಯವರ ಗುಂಪುಗಳಲ್ಲೂ ಹೀಗೇ: ಮೊದಲೇ ಓದಿಕೊಂಡು ಬರಬೇಕಿಲ್ಲ, ಅಲ್ಲೇ ಗಟ್ಟಿಯಾಗಿ ಓದುತ್ತಾರೆ, ನಡುವೆ ನಿಲ್ಲಿಸಿ ಮಾತಾಡುತ್ತಾರೆ. ಮಾತಾಡಲೇಬೇಕು ಅಂತಲೂ ಇಲ್ಲ.

ಇನ್ನೊಂದು ವಿಷಯ. ವಾರ್ಡಿನಲ್ಲಿ ಇರುವವರನ್ನು ದಿನವಿಡೀ ಅವರ ಬಗ್ಗೆಯೇ ಕೇಳುತ್ತಾರೆ. ನಿದ್ದೆ ಬಂತಾ, ಮಾತ್ರೆ ನುಂಗಿದಿರಾ, ಯೋಚನೆ ಕಮ್ಮಿ ಆಯ್ತಾ. ಕೇಳಲೇಬೇಕು, ತಪ್ಪಲ್ಲ. ಆದರೆ ಯಾರಿಗಾದರೂ ಸಾಕಾಗುತ್ತದೆ ಅಲ್ವಾ? ನಮ್ಮ ಗುಂಪಿನಲ್ಲಿ ಕಾಯಿಲೆ ಏನು ಅಂತ ಯಾರೂ ಕೇಳುವುದಿಲ್ಲ. ಕಥೆಯ ಹೆಂಗಸು ಮಾಡಿದ್ದು ಸರಿಯಾ ಅಂತ ಕೇಳುತ್ತೇವೆ. ಬೇಕಾದವರು ಅವಳ ನೆಪದಲ್ಲಿ ತಮ್ಮದನ್ನೂ ಹೇಳಿಕೊಳ್ಳುತ್ತಾರೆ.

ಅವತ್ತು ಹಾಳೆ ಬಿಡಿಸಿ, ಬಸ್ಸು ಬರುವ ಪುಟ ಓದಿದೆ. ಅವಳು ಹತ್ತಬಾರದಿತ್ತು ಅಂತ ಒಬ್ಬರು. ಹತ್ತದೆ ಇನ್ನೇನು ಮಾಡಬೇಕಿತ್ತು ಅಂತ ಇನ್ನೊಬ್ಬರು. ಮಾತ್ರೆಯ ತಟ್ಟೆ ಹಿಡಿದು ಬಂದ ನರ್ಸ್ ಬಾಗಿಲಲ್ಲೇ ನಿಂತರು. ಕಿಟಕಿ ಪಕ್ಕದವರು ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡರು.