ಅಳುತ್ತಾ ನಿಂತವಳಿಗೇ ಮೊದಲು ಕಾಣಿಸಿದ ಸ್ವಾಮಿ

ಆ ಬೆಳಗ್ಗೆ, ಶಿಲುಬೆಯ ಮೇಲೆ ಸತ್ತ ಯೇಸುಸ್ವಾಮಿಯನ್ನು ಇಟ್ಟಿದ್ದ ಸಮಾಧಿಯ ಹತ್ತಿರ ಶಿಷ್ಯ ಪೇತ್ರ ಓಡಿ ಬಂದ. ಯೇಸುವಿಗೆ ಆಪ್ತನಾಗಿದ್ದ ಇನ್ನೊಬ್ಬ ಶಿಷ್ಯ ಅವನಿಗಿಂತ ಜೋರಾಗಿ ಓಡಿ ಮೊದಲೇ ಬಂದು ಮುಟ್ಟಿದ. ಇಬ್ಬರೂ ಒಳಗೆ ಹೋಗಿ ನೋಡಿದರು. ನಾರುಬಟ್ಟೆಗಳು ಬಿದ್ದಿದ್ದವು. ತಲೆಗೆ ಸುತ್ತಿದ್ದ ವಸ್ತ್ರ ಬೇರೆ ಕಡೆ ಸುತ್ತಿಟ್ಟಂತಿತ್ತು. ನೋಡಿದವರು ಮನೆಗೆ ಹೊರಟರು. ಯೇಸುವನ್ನು ಹಿಂಬಾಲಿಸಿದ್ದ ಮಗ್ದಲದ ಮರಿಯಳು ಹೋಗಲಿಲ್ಲ. ಹೊರಗೆ ನಿಂತು ಅಳುತ್ತಲೇ ಇದ್ದಳು.

ಪಾಸ್ಖ ಅಂದರೆ ಈಸ್ಟರ್ ಭಾನುವಾರದ ಪೂಜೆಯಲ್ಲಿ ಬೈಬಲಿನ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ ಓದುತ್ತಾರೆ ನೋಡಿ, ಅದು ಈ ಇಬ್ಬರು ಓಡಿ ಬಂದು ನೋಡುವಲ್ಲಿಗೆ ನಿಂತುಬಿಡುತ್ತದೆ. ಮರಿಯಳು ಅಳುವ ಭಾಗ ಬರುವುದು ಮಂಗಳವಾರ. ಅಷ್ಟು ಹೊತ್ತಿಗೆ ಹೊಸ ಬಟ್ಟೆ ಮಡಿಚಿಟ್ಟು, ಬಿರಿಯಾನಿ ಪಾತ್ರೆ ತೊಳೆದು, ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ದೇವಾಲಯದಲ್ಲಿ ಒಂದಷ್ಟು ವಯಸ್ಸಾದವರು ಮಾತ್ರ ಇರುತ್ತಾರೆ. ಈ ವರ್ಷ ನಾನೂ ಅವರ ನಡುವೆ ಕೂತಿದ್ದೆ. ಅಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಪಾಸ್ಖ. ಭಾನುವಾರ ಯಾಕೋ ಬಾಯಿಂದ ಅಲ್ಲೆಲೂಯ ಎಂಬ ಸ್ತುತಿ ಹೊರಟಿರಲಿಲ್ಲ.

ಗುರುಗಳು ಓದಿದರು. ಸಮಾಧಿಯಲ್ಲಿದ್ದ ದೇವದೂತರು ಕೇಳುತ್ತಾರೆ: ಅಮ್ಮಾ, ಯಾಕೆ ಅಳುತ್ತಿದ್ದೀಯ? ಹಿಂದಕ್ಕೆ ತಿರುಗಿದರೆ ಸ್ವಾಮಿಯೇ ನಿಂತಿದ್ದಾರೆ. ಅವರದ್ದೂ ಅದೇ ಪ್ರಶ್ನೆ. ಅವಳಿಗೆ ಗುರುತು ಸಿಗುವುದಿಲ್ಲ, ತೋಟದವನು ಅಂದುಕೊಳ್ಳುತ್ತಾಳೆ. ನೀವು ಎತ್ತಿಕೊಂಡು ಹೋಗಿದ್ದರೆ ಎಲ್ಲಿಟ್ಟಿದ್ದೀರಿ ಹೇಳಿ, ನಾನು ತೆಗೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ಒಬ್ಬಳೇ ಹೆಂಗಸು, ಸತ್ತವರ ದೇಹ ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾಳೆ? ಅದೆಲ್ಲ ಅವಳು ಯೋಚಿಸಿಲ್ಲ. ಅವಳಿಗೆ ಅವರು ಬೇಕು, ಅಷ್ಟೇ.

ನನ್ನ ಅಜ್ಜಿ ದೊಡ್ಡ ಮಗನನ್ನು ಚಿಕ್ಕ ವಯಸ್ಸಿನಲ್ಲೇ ಮಣ್ಣಿಗೆ ಕೊಟ್ಟವರು. ಈ ಮಂಗಳವಾರದ ಪೂಜೆಯನ್ನು ಅವರು ಎಂದೂ ಬಿಟ್ಟವರಲ್ಲ. ಸಾವಿನ ಮನೆಯಲ್ಲಿ ಯಾರಾದರೂ "ಅಳಬೇಡಿ, ದೇವರ ಹತ್ತಿರ ಹೋಗಿದ್ದಾರೆ" ಅಂದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. "ಸ್ವಾಮಿ ಅಳಬೇಡ ಅಂದಿದ್ದು ನಾಯಿನ್ ಊರಿನ ವಿಧವೆಗೆ. ಅಂದವರು ಅಲ್ಲೇ ಅವಳ ಮಗನನ್ನ ಎಬ್ಬಿಸಿ ಕೊಟ್ರು. ನಿನ್ನ ಕೈಲಿ ಆಗುತ್ತಾ? ಆಗದೇ ಇದ್ರೆ ಸುಮ್ನೆ ಪಕ್ಕದಲ್ಲಿ ಕೂತ್ಕೋ" ಅನ್ನುತ್ತಿದ್ದರು. ಗೆಳೆಯ ಲಾಜರನ ಸಮಾಧಿಯ ಹತ್ತಿರ ಸ್ವಾಮಿಯೇ ಅತ್ತದ್ದನ್ನೂ ನೆನಪಿಸುತ್ತಿದ್ದರು. ಇನ್ನೊಂದು ಗಳಿಗೆಯಲ್ಲಿ ಎಬ್ಬಿಸುತ್ತೇನೆ ಅಂತ ಗೊತ್ತಿದ್ದರೂ ಅತ್ತರಲ್ಲ! ಅಜ್ಜಿ ಅದನ್ನು ಹೇಳುವಾಗಲೆಲ್ಲ ಸೆರಗು ಕಣ್ಣಿಗೆ ಹೋಗುತ್ತಿತ್ತು.

ಶನಿವಾರದ ಪಾಸ್ಖ ಜಾಗರಣೆಯ ರಾತ್ರಿ ಎಂದರೆ ನನಗೆ ಅಜ್ಜಿಯ ಕೈಯೇ. ದೇವಾಲಯದ ದೀಪಗಳೆಲ್ಲ ಆರಿರುತ್ತಿದ್ದವು. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿಗೆ ಬೆಳಕು ಹಿಡಿಸಿ, ಗುರುಗಳು ಕತ್ತಲಲ್ಲೇ ಒಳಗೆ ಬರುತ್ತಿದ್ದರು. ಆ ಬೆಳಕು ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ಹರಿದು ನಮ್ಮ ಸಾಲಿಗೆ ಬರುತ್ತಿತ್ತು. ಅಜ್ಜಿ ಬತ್ತಿಗೆ ಕಾಗದ ಸುತ್ತುತ್ತಿರಲಿಲ್ಲ. ಬಿಸಿ ಮೇಣ ಹೆಬ್ಬೆರಳ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ತೊಟ್ಟು ಗಟ್ಟಿಯಾಗಿ ಬೆಳ್ಳಗಾಗುವಷ್ಟರಲ್ಲಿ ಅದರ ಮೇಲೆ ಮತ್ತೊಂದು. "ಸುಡಲ್ವಾ ಅಜ್ಜಿ?" ಅಂದರೆ "ಸುಡುತ್ತೆ ಮಗಾ" ಅನ್ನುತ್ತಿದ್ದರು. ಕೈ ಮಾತ್ರ ಅಲ್ಲಾಡುತ್ತಿರಲಿಲ್ಲ. ಉದ್ದದ ಸ್ತುತಿ ಹಾಡು ಮುಗಿಯುವ ತನಕ ಬತ್ತಿ ಎತ್ತಿ ಹಿಡಿದೇ ಇರುತ್ತಿದ್ದರು. ಈ ವರ್ಷ ನಾನೂ ಕಾಗದ ಸುತ್ತಲಿಲ್ಲ. ಮೇಣ ಬಿತ್ತು, ಸುಟ್ಟಿತು. ಹೆಬ್ಬೆರಳ ಚರ್ಮ ಕೆಂಪಾಗಿದ್ದು ಮಂಗಳವಾರದ ತನಕ ಹೋಗಿರಲಿಲ್ಲ. ಪಾಠ ಕೇಳುತ್ತಾ ಅದನ್ನೇ ಸವರುತ್ತಿದ್ದೆ. ಅಜ್ಜಿಯ ಸುಡುವ ಕೈ, ಅಲ್ಲಾಡದ ಕೈ, ಎರಡೂ ಒಂದೇ ಕೈ ಅಲ್ವಾ ಅನ್ನಿಸಿತು.

ಅಜ್ಜಿಯ ಚಿಕ್ಕಂದಿನಲ್ಲಿ ಈ ಜಾಗರಣೆ ಶನಿವಾರ ಬೆಳಗ್ಗೆಯೇ ನಡೆಯುತ್ತಿತ್ತು. ಹನ್ನೆರಡನೇ ಪಯಸ್ ಪೋಪರು ಅದನ್ನು 1951ರಲ್ಲಿ ಪ್ರಯೋಗವಾಗಿ ರಾತ್ರಿಗೆ ತಂದರು, 1956ರಿಂದ ಅದೇ ನಿಯಮವಾಯಿತು. ಮರಿಯಳು ಸಮಾಧಿಗೆ ಹೋದದ್ದು ಇನ್ನೂ ಕತ್ತಲಿರುವಾಗಲೇ ತಾನೇ. ರಾತ್ರಿಗೆ ಬಂದದ್ದೇ ಸರಿಯಾಯಿತು. ಇದೇ ಮರಿಯಳ ಜುಲೈ 22ರ ಸ್ಮರಣೆಯನ್ನು 2016ರಲ್ಲಿ ಫ್ರಾನ್ಸಿಸ್ ಪೋಪರು ಪ್ರೇಷಿತರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಹಬ್ಬಗಳ ಸಾಲಿಗೆ ಏರಿಸಿದರು. ಅಜ್ಜಿ ಅದನ್ನು ನೋಡಲು ಉಳಿದಿರಲಿಲ್ಲ.

ಒಂದು ಮಾತು ಹೇಳಲೇಬೇಕು. ಈಗೀಗ ನಮಗೆ ಶನಿವಾರವೇ ಬೇಡವಾಗಿದೆ. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಟ್ಟು ಬಂದ ಮಾರನೇ ಬೆಳಗ್ಗೆಯೇ ಮೊಬೈಲಿನಲ್ಲಿ ಈಸ್ಟರ್ ಶುಭಾಶಯ ಶುರು. ಸ್ವಾಮಿ ಇನ್ನೂ ಮಣ್ಣಿನಲ್ಲಿದ್ದಾರೆ, ನಾವಾಗಲೇ ಬಣ್ಣದ ಮೊಟ್ಟೆಯ ಚಿತ್ರ ಕಳಿಸುತ್ತಿದ್ದೇವೆ. ಗುರುವಾರದ ಪೂಜೆಯಲ್ಲಿ ದೇವರನ್ನು ಹೊಗಳುವ ಮಹಿಮೆ ಗೀತೆಗೆ ಬಾರಿಸಿದ ಗಂಟೆ, ಶನಿವಾರ ರಾತ್ರಿ ಮತ್ತೆ ಆ ಗೀತೆ ಬರುವವರೆಗೆ ಮೌನ. ಶನಿವಾರ ಹಗಲು ಪೂಜೆಯೂ ಇಲ್ಲ, ಪೀಠದ ಮೇಲೆ ಬಟ್ಟೆಯೂ ಇಲ್ಲ. ಧರ್ಮಸಭೆ ಒಂದು ಇಡೀ ದಿನವನ್ನು ದುಃಖಕ್ಕೆ ಬಿಟ್ಟುಕೊಟ್ಟಿದೆ. ಮನೆಯಲ್ಲಿ ಸಾವಾದವರಿಗೆ ಆ ದಿನ ಎಷ್ಟು ದೊಡ್ಡ ಆಸರೆ ಅಂತ ನನಗೆ ಈ ಸಲ ಗೊತ್ತಾಯಿತು. ಪೂಜೆಯಿಲ್ಲದ ಬರಿದಾದ ಪೀಠದ ಮುಂದೆ ಕೂತು ಅಮ್ಮನಿಗಾಗಿ ಅತ್ತೆ. ಯಾರೂ ಬೇಡ ಅನ್ನಲಿಲ್ಲ.

ಕಡೆಗೆ ಸ್ವಾಮಿ "ಮರಿಯಾ" ಅಂತ ಕರೆದರು. ಹೆಸರು ಕೇಳಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ತನ್ನನ್ನು ಹಿಡಿದುಕೊಳ್ಳಬೇಡ, ಸೋದರರ, ಅಂದರೆ ಶಿಷ್ಯರ, ಹತ್ತಿರ ಹೋಗಿ ಹೇಳು ಅಂತ ಕಳಿಸಿದರು. ಅವಳು ಹೋಗಿ "ನಾನು ಸ್ವಾಮಿಯನ್ನು ಕಂಡೆ" ಅಂದಳು. ದುಃಖದಲ್ಲಿ ಅಳುತ್ತಾ ಕೂತಿದ್ದ ಆ ಗಂಡಸರು ನಂಬಲಿಲ್ಲ ಎಂದು ಮಾರ್ಕರ ಶುಭಸಂದೇಶದ ಕೊನೆಯಲ್ಲಿದೆ. ಸ್ವಾಮಿ ಅವರನ್ನೂ ಬಿಡಲಿಲ್ಲ. ಅದೇ ಸಂಜೆ, ಮುಚ್ಚಿದ ಬಾಗಿಲ ಒಳಗೇ ಬಂದು ನಿಂತರು. ಶಾಂತಿ ಎಂದರು, ಕೈ ಮತ್ತು ಪಕ್ಕೆ ತೋರಿಸಿದರು. ಎದ್ದು ಬಂದ ಮೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಅದನ್ನು ಅಳಿಸಿಕೊಂಡು ಬರುವುದು ಅವರಿಗೆ ಕಷ್ಟವೇನೂ ಇರಲಿಲ್ಲ. ಆದರೂ ಗಾಯದ ಜೊತೆಗೇ ಬಂದರು. ನನ್ನ ಅಮ್ಮನನ್ನು ಮತ್ತೆ ನೋಡುತ್ತೇನೆ ಎಂಬ ನಂಬಿಕೆ ನನಗೆ ಇರುವುದು ಆ ಕೈಗಳಿಂದ. ಅಮ್ಮನನ್ನೂ ಅವರು ಹೆಸರು ಹಿಡಿದೇ ಕರೆಯುತ್ತಾರೆ.