ಜಕಾರ್ತದ ಆ ಸಹಿ

15 ಜನವರಿ 2025, ಬುಧವಾರ

1998ರ ಇದೇ ದಿನ ಜಕಾರ್ತದಲ್ಲಿ ತೆಗೆದ ಒಂದು ಛಾಯಾಚಿತ್ರ ಏಷ್ಯಾದ ಬಹಳಷ್ಟು ಜನರ ನೆನಪಿನಲ್ಲಿ ಉಳಿದಿದೆ. 1997ರಲ್ಲಿ ಶುರುವಾದ ಏಷ್ಯಾದ ಹಣಕಾಸು ಬಿಕ್ಕಟ್ಟಿಗೆ ಸಿಲುಕಿದ್ದ ಇಂಡೊನೇಷ್ಯಾದ ಅಧ್ಯಕ್ಷ ಸುಹಾರ್ತೊ ಮೇಜಿಗೆ ಬಾಗಿ ಸಾಲದ ಷರತ್ತುಗಳಿಗೆ ಸಹಿ ಹಾಕುತ್ತಿದ್ದಾರೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯಸ್ಥ ಮಿಶೆಲ್ ಕಾಮ್ದೆಸ್ಸು ಎದೆಯ ಮೇಲೆ ತೋಳು ಕಟ್ಟಿಕೊಂಡು, ಪಕ್ಕದಲ್ಲೇ ನಿಂತು ಅದನ್ನು ನೋಡುತ್ತಿದ್ದಾರೆ.

ಕಾಮ್ದೆಸ್ಸು ಅನನುಭವಿಯಾಗಿರಲಿಲ್ಲ. 1987ರಿಂದ ನಿಧಿಯನ್ನು ಮುನ್ನಡೆಸುತ್ತಿದ್ದ ಅವರ ಕಾಲದಲ್ಲೇ, 1991ರಲ್ಲಿ, ಚಿನ್ನವನ್ನು ಒತ್ತೆಯಿಟ್ಟ ಭಾರತಕ್ಕೂ ನಿಧಿಯ ಸಾಲ ದೊರೆತಿತ್ತು. 1995ರಲ್ಲಿ ಮೆಕ್ಸಿಕೊಗೆ ಅವರು ಸುಮಾರು 1,780 ಕೋಟಿ ಡಾಲರ್ ನೆರವನ್ನು ಬಹಳ ಬೇಗ ಒದಗಿಸಿದ್ದರು. ಆದರೆ ಇಂಡೊನೇಷ್ಯಾದಲ್ಲಿ ಬೇಕಿದ್ದುದು ಹಣಕ್ಕಿಂತ ಹೆಚ್ಚಾಗಿ ನಂಬಿಕೆ. 1997ರ ನವೆಂಬರ್ 1ರಂದು ನಿಧಿಯ ಕಾರ್ಯಕ್ರಮದ ಭಾಗವಾಗಿ 16 ಬ್ಯಾಂಕುಗಳನ್ನು ಮುಚ್ಚಲಾಯಿತು. ಅವುಗಳಲ್ಲಿ ಠೇವಣಿ ಇಟ್ಟವರಿಗೆ 2 ಕೋಟಿ ರೂಪಾಯವರೆಗೆ (ರೂಪಾಯ ಇಂಡೊನೇಷ್ಯಾದ ಕರೆನ್ಸಿ) ಮಾತ್ರ ಭರವಸೆ ಸಿಕ್ಕಿತು. ಉಳಿದ ಬ್ಯಾಂಕುಗಳ ಗತಿಯೇನೆಂದು ಯಾರೂ ಸ್ಪಷ್ಟವಾಗಿ ಹೇಳಲಿಲ್ಲ. ಮುಂದೆ ಯಾವ ಬ್ಯಾಂಕಿನ ಸರದಿಯೋ ಎಂಬ ಭಯದಿಂದ ಜನ ಗಟ್ಟಿಯಾಗಿದ್ದ ಖಾಸಗಿ ಬ್ಯಾಂಕುಗಳಿಂದಲೂ ಹಣ ತೆಗೆಯತೊಡಗಿದರು. ಬಿಕ್ಕಟ್ಟಿಗೆ ಮುನ್ನ ಡಾಲರಿಗೆ ಸುಮಾರು 2,400 ಇದ್ದ ರೂಪಾಯ ಜನವರಿಯಲ್ಲಿ 10,000 ದಾಟಿತು.

ಆ ದಿನ ಸಹಿಯಾದ ಪತ್ರದಲ್ಲಿ ಲವಂಗದ ಏಕಸ್ವಾಮ್ಯವನ್ನು ಕೊನೆಗಾಣಿಸುವ, ಸುಹಾರ್ತೊ ಮಗನ ಕಾರು ಯೋಜನೆಯ ಸವಲತ್ತುಗಳನ್ನು ಹಿಂತೆಗೆದುಕೊಳ್ಳುವ ಅಂಶಗಳಿದ್ದವು. ಅವು ನ್ಯಾಯವಾದ ಬೇಡಿಕೆಗಳೇ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಬ್ಯಾಂಕಿನ ಬಾಗಿಲಲ್ಲಿ ಜನ ಸಾಲುಗಟ್ಟಿ ನಿಂತಿದ್ದಾಗ ಮೊದಲು ಮಾಡಬೇಕಾಗಿದ್ದುದು ಠೇವಣಿಯ ರಕ್ಷಣೆ. ಎಲ್ಲ ಬ್ಯಾಂಕುಗಳ ಠೇವಣಿಗಳಿಗೂ ಸರ್ಕಾರ ಖಾತರಿ ನೀಡಿದ್ದು ಜನವರಿಯ ಕೊನೆಯಲ್ಲಿ. ಮೇ ತಿಂಗಳಲ್ಲಿ ಇಂಧನದ ಬೆಲೆ ಏರಿತು, ಗಲಭೆಗಳಾದವು, 21ರಂದು ಸುಹಾರ್ತೊ ರಾಜೀನಾಮೆ ಕೊಟ್ಟರು.

ಕೋವಿಡ್ ಕಾಲದಲ್ಲಿ ನಿಧಿಯ ಮುಖ್ಯಸ್ಥೆ ಕ್ರಿಸ್ಟಲಿನಾ ಜಾರ್ಜೀವಾ ಈ ಕ್ರಮವನ್ನು ಬದಲಿಸಿ, ದೀರ್ಘ ಷರತ್ತುಗಳಿಲ್ಲದ ತುರ್ತು ಸಾಲವನ್ನು ಮೊದಲು ಕೊಟ್ಟರು. 2021ರ ಆಗಸ್ಟ್‌ನಲ್ಲಿ 65,000 ಕೋಟಿ ಡಾಲರ್ ಮೌಲ್ಯದ ವಿಶೇಷ ಹಣ ಪಡೆಯುವ ಹಕ್ಕುಗಳನ್ನು, ಅಂದರೆ ಡಾಲರಿನಂಥ ಕರೆನ್ಸಿಗೆ ಬದಲಾಯಿಸಿಕೊಳ್ಳಬಹುದಾದ ನಿಧಿಯ ಮೀಸಲು ಆಸ್ತಿಯನ್ನು, ಸದಸ್ಯ ರಾಷ್ಟ್ರಗಳಿಗೆ ಹಂಚಲಾಯಿತು. ಹಂಚಿಕೆ ಕೋಟಾದ (ನಿಧಿಯಲ್ಲಿ ಪ್ರತಿ ದೇಶಕ್ಕಿರುವ ಪಾಲು) ಪ್ರಕಾರವೇ ನಡೆಯಬೇಕಾದ್ದರಿಂದ ಕಡಿಮೆ ಆದಾಯದ ದೇಶಗಳಿಗೆ ಒಟ್ಟು ಸುಮಾರು 2,100 ಕೋಟಿ ಡಾಲರ್ ಮಾತ್ರ ದೊರೆಯಿತು. ಕೋಟಾ ಬದಲಿಸಲು ಶೇ 85ರಷ್ಟು ಮತ ಬೇಕು. ಶೇ 16ಕ್ಕೂ ಹೆಚ್ಚು ಮತ ಅಮೆರಿಕದ ಕೈಯಲ್ಲೇ ಇದೆ, ಹಾಗಾಗಿ ಅದು ಒಪ್ಪದೆ ಬದಲಾವಣೆ ಸಾಧ್ಯವಿಲ್ಲ.